ಕೀ ಕೊಡುವ ವಾಚುಗಳ ಸಹವಾಸ

ಅಂಚೆಚೀಟಿ ಕೂಡಿಡುವವರು, ಹಳೆಯ ನಾಣ್ಯ ಹುಡುಕುವವರು, ಬೆಂಕಿಪೊಟ್ಟಣದ ಚಿತ್ರ ಅಂಟಿಸಿಟ್ಟುಕೊಳ್ಳುವವರು - ಇಂಥವರನ್ನೆಲ್ಲ ನೀವು ಕಂಡಿರುತ್ತೀರಿ. ನನಗೆ ಹಿಡಿದಿರುವುದು ಇನ್ನೊಂದು ಬಗೆಯ ಗೀಳು: ಕೀ ಕೊಡುವ ಹಳೆಯ ಕೈಗಡಿಯಾರಗಳು. ನಮ್ಮ ಮನೆಯ ಬೀರುವಿನಲ್ಲಿ ಈಗ ಹತ್ತೊಂಬತ್ತಿವೆ. ಹೆಚ್ಚಿನವು ಸ್ವಿಟ್ಜರ್‌ಲೆಂಡಿನವು, ಐದಾರು ನಮ್ಮದೇ ಎಚ್.ಎಂ.ಟಿ. ಒಂದಕ್ಕೂ ಸೆಲ್ ಬೇಡ, ಚಾರ್ಜರ್ ಬೇಡ. ಮನುಷ್ಯನ ಎರಡು ಬೆರಳು ಸಾಕು. "ಇವರ ಸಂಬಳವೆಲ್ಲ ಓಡದ ವಾಚುಗಳನ್ನು ಓಡಿಸುವುದಕ್ಕೇ ಆಯಿತು" ಎಂದು ಮನೆಯಾಕೆ ಬಂದವರ ಮುಂದೆ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಅರ್ಧಕ್ಕರ್ಧ ವಾಚುಗಳು "ಹೇಗೂ ಕೆಟ್ಟಿದೆ, ನೀವೇ ಇಟ್ಟುಕೊಳ್ಳಿ ಸಾರ್" ಎಂದು ಪುಕ್ಕಟೆಯಾಗಿ ಬಂದಂಥವು.

ಬಂದದ್ದೆಲ್ಲ ಬಹುಪಾಲು ಭದ್ರಾವತಿಯಿಂದ. ಅದಕ್ಕೆ ಕಾರಣವಿದೆ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಅಲ್ಲಿ ಉತ್ಪಾದನೆ ಆರಂಭಿಸಿತು. ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು, ಸಮಯಪಾಲನೆಯ ವಿಷಯದಲ್ಲಿ ಅವರ ಶಿಸ್ತು ಎಂಥದೆಂದು ಮಕ್ಕಳಿಗೂ ಗೊತ್ತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಪಾಳಿಯ ಮೇಲೆ ದುಡಿಯುವ ಊರಿನಲ್ಲಿ ಹೊತ್ತು ನೋಡುವುದು ಶೋಕಿಯಲ್ಲ, ಅನ್ನದ ಪ್ರಶ್ನೆ. ಉಕ್ಕಿನ ಕಾರ್ಖಾನೆಯಲ್ಲಿದ್ದ ನಮ್ಮ ತಂದೆಯವರು 1964ರಲ್ಲಿ ಕೈಗೆ ಬಂದ ಬಾಕಿ ಸಂಬಳದಲ್ಲಿ ಮೊದಲು ಕೊಂಡದ್ದು ಒಂದು ಫೇವರ್ ಲೂಬಾ ವಾಚು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ‘ಕುಂಯ್’ ಸದ್ದಿಗೆ ಮುಳ್ಳು ಸರಿಮಾಡಿ, ಎಣಿಸಿದಂತೆ ಕೀ ಕೊಟ್ಟು, ಆಮೇಲೆ ಅಂಗಿ ಹಾಕಿಕೊಳ್ಳುತ್ತಿದ್ದರು. ಆ ವಾಚು ಈಗ ನನ್ನ ಹತ್ತೊಂಬತ್ತರಲ್ಲಿ ಮೊದಲನೆಯದು.

ಫೇವರ್ ಲೂಬಾ ಎಂದು ನಾವು ನಾಲಿಗೆಗೆ ಒಗ್ಗಿಸಿಕೊಂಡ ಹೆಸರಿನ ಮೂಲ 1737ರಷ್ಟು ಹಳೆಯದು. ಸ್ವಿಟ್ಜರ್‌ಲೆಂಡಿನ ಲ ಲೋಕ್ಲ್ ಎಂಬ ಊರಿನ ಮನೆತನವೊಂದು ಆರಂಭಿಸಿದ ಕಸುಬು ಹತ್ತೊಂಬತ್ತನೇ ಶತಮಾನದಲ್ಲೇ ಮುಂಬಯಿ ತಲುಪಿತ್ತು. ವೆಸ್ಟ್ ಎಂಡ್ ಎಂಬ ಇನ್ನೊಂದು ಸ್ವಿಸ್ ಕಂಪನಿಯಂತೂ ಭಾರತದ ಗಿರಾಕಿಗಳನ್ನೇ ಕಣ್ಣಮುಂದಿಟ್ಟುಕೊಂಡು ಬೆಳೆದದ್ದು. ಅದರ ಹೆಸರುವಾಸಿ ಮಾದರಿಯ ಹೆಸರೇ ‘ಸವಾರ್’. ಸ್ವಾತಂತ್ರ್ಯದ ನಂತರ ಆಮದಿಗೆ ನಿರ್ಬಂಧ ಬಂತು. ‘ಫಾರಿನ್ ವಾಚು’ ಎಂಬ ಮಾತಿಗೆ ತೂಕ ಬಂತು. ಆಗ ಎಲ್ಲರ ಕೈಗೂ ವಾಚು ತಂದದ್ದು ಬೆಂಗಳೂರಿನ ಎಚ್.ಎಂ.ಟಿ. ಯಂತ್ರೋಪಕರಣ ತಯಾರಿಸುವ ಈ ಸಂಸ್ಥೆ 1953ರಲ್ಲಿ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ತಾಂತ್ರಿಕ ಸಹಕಾರದಿಂದ. ಆದರೆ 1961ರಲ್ಲಿ ಅದು ಕೈಗಡಿಯಾರಕ್ಕೆ ಕೈಹಾಕಿದಾಗ ಸಹಕಾರ ಕೊಟ್ಟವರು ಜಪಾನಿನ ಸಿಟಿಜನ್ ಕಂಪನಿಯವರು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ, ಮದುವೆಯ ಗಂಡಿಗೆ, ನಿವೃತ್ತರಾಗುವ ಹಿರಿಯರಿಗೆ - ಮೂವರಿಗೂ ಅದೇ ಎಚ್.ಎಂ.ಟಿ. ಉಡುಗೊರೆ!

ಸ್ವಿಸ್ ಆಗಲಿ ಎಚ್.ಎಂ.ಟಿ. ಆಗಲಿ, ಒಳಗಿನ ವಿದ್ಯೆ ಒಂದೇ. ಕೀ ಕೊಟ್ಟಾಗ ಸುರುಳಿ ಬಿಗಿಯಾಗುವ ಉಕ್ಕಿನ ಪಟ್ಟಿಯಲ್ಲಿ ನಿಮ್ಮ ಬೆರಳಿನ ಶ್ರಮ ಪ್ರಚ್ಛನ್ನ ಶಕ್ತಿಯಾಗಿ ಕೂರುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಂಡರೆ ಮುಳ್ಳುಗಳು ಗಿರ್ರನೆ ತಿರುಗಿ ಎರಡೇ ಕ್ಷಣದಲ್ಲಿ ಕಥೆ ಮುಗಿಯುತ್ತದೆ. ಹಾಗಾಗದಂತೆ ಹಲ್ಲಿನ ಚಕ್ರಗಳ ಕೊನೆಯಲ್ಲಿ ಒಂದು ಪುಟ್ಟ ಕವೆ ಕುಳಿತು, ಒಂದೊಂದೇ ಹಲ್ಲನ್ನು ಬಿಡುತ್ತದೆ, ಹಿಡಿಯುತ್ತದೆ. ನಾವು ಕೇಳುವ ಟಿಕ್ ಟಿಕ್ ಅದರದ್ದೇ. ಯಾವಾಗ ಬಿಡಬೇಕೆಂದು ಅದಕ್ಕೆ ಅಪ್ಪಣೆ ಕೊಡುವುದು ಅತ್ತಿಂದಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಅಂಟಿದ, ಕೂದಲೆಳೆಯಂಥ ಹೇರ್ ಸ್ಪ್ರಿಂಗ್. ಎಳೆದಷ್ಟೂ ಸ್ಪ್ರಿಂಗು ಮರಳಿ ಎಳೆಯುತ್ತದೆ ಎಂಬ ಹುಕ್ಕನ ನಿಯಮವನ್ನು ಪ್ರಯೋಗಾಲಯದಲ್ಲಿ ತೂಕದ ಬಿಲ್ಲೆ ತೂಗುಹಾಕಿ ತೋರಿಸುತ್ತೇವಲ್ಲ, ಅದೇ ನಿಯಮ ಇಲ್ಲಿ ಹೊತ್ತು ಅಳೆಯುತ್ತದೆ. 1675ರಲ್ಲಿ ಹೈಗೆನ್ಸ್ ಈ ಸುರುಳಿ ಸ್ಪ್ರಿಂಗನ್ನು ಗಡಿಯಾರಕ್ಕೆ ತಂದ.

ಮಕ್ಕಳಿಗೆ ನಾನು ಕೊಡುವ ಲೆಕ್ಕವೊಂದಿದೆ. ಇಂಥ ಬಹುತೇಕ ಹಳೆಯ ವಾಚುಗಳು ಸೆಕೆಂಡಿಗೆ ಐದು ಸಲ ಬಡಿಯುತ್ತವೆ. ಗಂಟೆಗೆ 18,000. ದಿನಕ್ಕೆ? ಗುಣಿಸಿ ನೋಡಿ: 4,32,000. ನಮ್ಮ ಪಂಚಾಂಗದವರು ಕಲಿಯುಗಕ್ಕೆ ಹೇಳುವ ವರ್ಷಗಳ ಸಂಖ್ಯೆಯೂ ಸರಿಯಾಗಿ ಅಷ್ಟೇ! ಇದು ಬರಿಯ ಕಾಕತಾಳೀಯ, ಇದರಿಂದ ಯಾವ ರಹಸ್ಯವನ್ನೂ ಹೊರಡಿಸಬೇಡಿ ಎಂದೂ ಹೇಳುತ್ತೇನೆ. ಆದರೆ ಒಮ್ಮೆ ಕೇಳಿದ ಹುಡುಗರು ಈ ಸಂಖ್ಯೆಯನ್ನು ಮರೆಯುವುದಿಲ್ಲ. ಇನ್ನೊಂದು ಲೆಕ್ಕ: ಚೆನ್ನಾಗಿರುವ ಹಳೆಯ ವಾಚು ದಿನಕ್ಕೆ ಮೂವತ್ತು ಸೆಕೆಂಡು ಹಿಂದೆ ಬಿದ್ದರೆ "ಕೆಟ್ಟ ವಾಚು" ಎನ್ನುತ್ತೇವೆ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ ಮೂವತ್ತು ತಪ್ಪಿದರೆ ನೂರಕ್ಕೆ 99.96 ಅಂಕ ಬಂದಂತೆ. ಇಷ್ಟು ಅಂಕ ತೆಗೆದ ವಿದ್ಯಾರ್ಥಿಯನ್ನು ನಾವು ಬೈಯುತ್ತೇವೆಯೇ?

ಡಯಲಿನ ಮೇಲೆ ‘17 ಜ್ಯೂಯೆಲ್ಸ್’ ಎಂದು ಬರೆದಿರುವುದು ನೋಡಿ, ಒಳಗೆ ಬೆಲೆಬಾಳುವ ಹರಳುಗಳಿವೆಯೆಂದು ನಂಬಿದವರು ಬಹಳ. "ರಿಪೇರಿಯವನು ಕಲ್ಲು ಬದಲಾಯಿಸಿಬಿಡುತ್ತಾನೆ, ಎದುರಿಗೇ ಕೂತು ಮಾಡಿಸು" ಎಂದು ನಮ್ಮ ಅಜ್ಜಿಯೂ ಎಚ್ಚರಿಸುತ್ತಿದ್ದರು. ಅವು ಮಾಣಿಕ್ಯವೇ ಹೌದು, ಆದರೆ ಕಾರ್ಖಾನೆಯಲ್ಲಿ ಬೆಳೆಸಿದ್ದು. ಅಲ್ಯುಮಿನಿಯಂ ಆಕ್ಸೈಡಿಗೆ ಚೂರು ಕ್ರೋಮಿಯಂ ಬೆರೆಸಿ ಕರಗಿಸಿ ಮಾಣಿಕ್ಯ ಮಾಡುವ ವಿಧಾನವನ್ನು ಫ್ರಾನ್ಸಿನ ವೆರ್ನೈ 1902ರಲ್ಲಿ ಪ್ರಕಟಿಸಿದ ಮೇಲೆ ಅವುಗಳ ಬೆಲೆ ಇಳಿದುಹೋಯಿತು. ಗಡಸುತನದಲ್ಲಿ ವಜ್ರಕ್ಕೆ ಹತ್ತು ಅಂಕವಾದರೆ ಮಾಣಿಕ್ಯಕ್ಕೆ ಒಂಬತ್ತು. ಚಕ್ರದ ಅಚ್ಚಿನ ತುದಿ ಅದರ ಕುಳಿಯಲ್ಲಿ ವರ್ಷಗಟ್ಟಲೆ ತಿರುಗಿದರೂ ಸವೆಯದೆಂದೇ ಅದನ್ನಿಟ್ಟಿರುವುದು.

ಉಕ್ಕಿನ ಊರಿನ ಮಕ್ಕಳಿಗೆ ಇನ್ನೊಂದು ಸಂಗತಿ. ಬಿಸಿಲಿಗೆ ಸ್ಪ್ರಿಂಗು ಸಡಿಲಗೊಂಡು ವಾಚು ನಿಧಾನವಾಗುವುದು ಹಿಂದೆ ದೊಡ್ಡ ತಲೆನೋವಾಗಿತ್ತು. ಅದಕ್ಕೆ ಮದ್ದು ಕಂಡುಹಿಡಿದವರು ಸ್ವಿಸ್ ಗಡಿಯಾರದವರ ಮನೆಯಲ್ಲಿ ಹುಟ್ಟಿದ ಚಾರ್ಲ್ಸ್ ಗಿಯೋಮ್. ಕಬ್ಬಿಣಕ್ಕೆ ನಿಕ್ಕಲ್ ಬೆರೆಸಿ, ಶಾಖಕ್ಕೆ ಹೆಚ್ಚುಕಡಿಮೆ ಹಿಗ್ಗದ ಇನ್ವಾರ್ ಮತ್ತು ಶಾಖಕ್ಕೆ ತನ್ನ ಬಿಗಿ ಬಿಡದ ಎಲಿನ್ವಾರ್ ಎಂಬ ಮಿಶ್ರಲೋಹಗಳನ್ನು ಮಾಡಿದರು. 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಅವರಿಗೆ ಬಂದದ್ದು ಇಂಥ ಲೋಹಗಳ ಅಧ್ಯಯನಕ್ಕೆ.

ಇಷ್ಟೆಲ್ಲ ವಿದ್ಯೆಯನ್ನು ಒಂದು ಪುಟ್ಟ ಸ್ಫಟಿಕ ಪಕ್ಕಕ್ಕೆ ಸರಿಸಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಹದಿನೈದು ಎರಡುಗಳಿಗೆ ಅದೇ ಸಂಖ್ಯೆ ಬರುತ್ತದೆ. ಅಗ್ಗ, ನಿಖರ, ಕೀ ಕೊಡುವ ರಗಳೆಯಿಲ್ಲ. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿ 90,000 ಜನರಿಗೆ ಕೆಲಸವಿತ್ತು. 1980ರ ದಶಕದ ನಡುವಿಗೆ ಅದು 30,000ದ ಆಸುಪಾಸಿಗೆ ಇಳಿಯಿತು. ನಮ್ಮ ಎಚ್.ಎಂ.ಟಿ. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ತುಮಕೂರಿನ ವಾಚು ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಯಂತ್ರದ ಸದ್ದು ನಿಂತ ಊರು ಹೇಗಿರುತ್ತದೆಂದು ಭದ್ರಾವತಿಯ ಪೇಪರ್ ಟೌನಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಂಥದೇ ಒಂದು ಕ್ವಾರ್ಟರ್ಸ್ ಖಾಲಿ ಮಾಡುವಾಗ ಸಿಕ್ಕ ವಾಚನ್ನು ಹಿಂದಿನ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ತಂದಳು. ಅವಳ ಅಜ್ಜನ ವೆಸ್ಟ್ ಎಂಡ್. "ಗುಜರಿಯವನು ಇನ್ನೂರು ಕೊಡ್ತಾನಂತೆ ಸಾರ್, ಅಪ್ಪ ಕೊಟ್ಟುಬಿಡೋಣ ಅಂತಿದಾರೆ. ಇದು ಓಡುತ್ತಾ?" ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ಐವತ್ತು ವರ್ಷದಿಂದ ಕೂತಿರುವ ರಿಪೇರಿ ಸಾಹೇಬರ ಹತ್ತಿರ ತಂದೆ-ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ಸಾಹೇಬರು ಕಣ್ಣಿಗೆ ಮಸೂರ ಸಿಕ್ಕಿಸಿ, ಹಿಂಬದಿ ಬಿಚ್ಚಿ, "ಕಮಾನು ತುಂಡಾಗಿದೆ, ಬೇರೆಲ್ಲ ರಾಜನ ಹಾಗಿದೆ" ಎಂದರು. ತುಕ್ಕು ಹಿಡಿದ ತಗಡಿನ ಡಬ್ಬಿಗಳಲ್ಲಿ ತಡಕಾಡಿ ಸರಿಯಾದ ಕಮಾನು ತೆಗೆದರು. ನಾಲ್ಕನೇ ದಿನ ವಾಚು ಓಡಿತು. ಹುಡುಗಿ ಅದನ್ನು ಕಿವಿಗಿಟ್ಟುಕೊಂಡು ನಿಂತೇ ಇದ್ದಳು. ಅವಳ ತಂದೆ ಕೈಚಾಚಿ ತೆಗೆದುಕೊಂಡು ತಾವೂ ಕಿವಿಗಿಟ್ಟರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಬಂದದ್ದು ಬೇರೆ ಮಾತು. ಹುಡುಗಿ ಶನಿವಾರ ಶನಿವಾರ ಸಾಹೇಬರ ಅಂಗಡಿಗೆ ಹೋಗುತ್ತೇನೆಂದು ಹಟ ಹಿಡಿದಳು. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಮೇಷ್ಟ್ರೇ. ವಾಚು ರಿಪೇರಿ ಕಲಿತು ಇವಳಿಗೇನಾಗಬೇಕು?" ಎಂದು ತಂದೆ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಸಾಹೇಬರ ಮಕ್ಕಳೇ ಈ ಕಸುಬಿಗೆ ಬರಲಿಲ್ಲ. ಒಬ್ಬ ಮೊಬೈಲ್ ಅಂಗಡಿ ಇಟ್ಟ, ಇನ್ನೊಬ್ಬ ದುಬೈಗೆ ಹೋದ. ಹೊಟ್ಟೆ ತುಂಬುತ್ತದೆಂದು ನಾನು ಸುಳ್ಳು ಹೇಳಲಾರೆ. ಆದರೆ ಅದೇ ದಿನ ಸಾಹೇಬರು ಹೇಳಿದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು: "ಕೈ ಇನ್ನೂ ನಡುಗ್ತಿಲ್ಲ ಮೇಷ್ಟ್ರೇ, ಕಣ್ಣು ಸಾಲ್ತಿಲ್ಲ. ಈ ಡಬ್ಬಿಗಳಲ್ಲಿರೋ ಸಾಮಾನು ಯಾವುದು ಯಾವ ವಾಚಿಂದು ಅಂತ ನನಗೊಬ್ಬನಿಗೇ ಗೊತ್ತು. ನಾನು ಹೋದ ಮೇಲೆ ಇದೆಲ್ಲ ಗುಜರಿ."

ಕೊನೆಗೆ ಬೇಸಿಗೆ ರಜೆಯಲ್ಲಿ ಮಾತ್ರ ಎಂದು ಒಪ್ಪಂದವಾಯಿತು. ಹುಡುಗಿ ಇಡೀ ಏಪ್ರಿಲ್ ತಿಂಗಳು ಬೆಳಗಿನ ಹೊತ್ತು ಸ್ಟೂಲಿನ ಮೇಲೆ ಕೂತು, ಸಾಹೇಬರು ಒಂದೊಂದೇ ಸಾಮಾನು ಗುರುತಿಸಿದಂತೆ ಚೀಟಿ ಬರೆದು ಅಂಟಿಸಿದಳು. ಅರವತ್ತಕ್ಕೂ ಹೆಚ್ಚು ಡಬ್ಬಿಗಳು. ಚಿಮುಟದಲ್ಲಿ ಚಕ್ರ ಹಿಡಿಯುವುದನ್ನೂ ಅಷ್ಟರಲ್ಲಿ ಕಲಿತಿದ್ದಳು. ಅವಳು ಮುಂದೆ ಏನಾಗುತ್ತಾಳೋ ಗೊತ್ತಿಲ್ಲ. ಆ ಡಬ್ಬಿಗಳಲ್ಲಿ ಏನಿದೆಯೆಂದು ಈಗ ಇಬ್ಬರಿಗೆ ಗೊತ್ತು.

ನಿಮ್ಮ ಮನೆಯಲ್ಲೂ ಅಜ್ಜನ ವಾಚೊಂದಿದ್ದರೆ ಕೆಲವು ಮಾತು ನೆನಪಿಡಿ. ದಿನವೂ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ, ನಿಧಾನವಾಗಿ ಕೀ ಕೊಡಿ; ಬಿಗಿ ತಗುಲಿದ ಕೂಡಲೇ ನಿಲ್ಲಿಸಿ. ತಾರೀಖು ತೋರಿಸುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ; ಆಗ ಅದರ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಸೋಕಿಸಲೇಬೇಡಿ. ಮಲೆನಾಡಿನ ಮಳೆಗಾಲ ಹಳೆಯ ವಾಚಿನ ಶತ್ರು. ಗಾಜಿನೊಳಗೆ ಮಂಜು ಕಂಡರೆ ಅದೇ ದಿನ ರಿಪೇರಿಗೆ ಒಯ್ಯಿರಿ, ಕಾದರೆ ತುಕ್ಕು. ಸ್ಪೀಕರಿನ ಪಕ್ಕ, ಅಯಸ್ಕಾಂತವಿರುವ ಮೊಬೈಲ್ ಕವರಿನ ಪಕ್ಕ ಇಡಬೇಡಿ. ಇದ್ದಕ್ಕಿದ್ದಂತೆ ವಾಚು ನಿಮಿಷಗಟ್ಟಲೆ ಮುಂದೆ ಓಡಿದರೆ ಹೇರ್ ಸ್ಪ್ರಿಂಗಿಗೆ ಕಾಂತತ್ವ ತಗುಲಿರಬಹುದು. ಶಾಲೆಯ ದಿಕ್ಸೂಚಿ ಹತ್ತಿರ ಹಿಡಿದು ನೋಡಿ, ಮುಳ್ಳು ಅಲುಗೀತು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ.

ಮಕ್ಕಳಿಗೆ ಒಂದು ಗಟ್ಟಿ ಎಚ್ಚರಿಕೆ. ನಂಬರ್ ಪ್ಲೇಟಿಗೆ ಅಂಟಿಸುವ ಹೊಳೆಯುವ ಹಾಳೆಯನ್ನು ನಾವು ‘ರೇಡಿಯಂ’ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ. ಆದರೆ 1960ರ ದಶಕಕ್ಕೆ ಮುಂಚಿನ, ಕತ್ತಲಲ್ಲಿ ಹೊಳೆಯುವ ಅಂಕಿಗಳ ವಾಚಿನಲ್ಲಿ ನಿಜವಾದ ರೇಡಿಯಂ ಇರಬಹುದು. ಹೊಳಪು ನಿಂತಿದ್ದರೂ ಅಪಾಯ ನಿಂತಿಲ್ಲ: ಸತ್ತಿರುವುದು ಬಣ್ಣ, ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು 1,600 ವರ್ಷ. ಅಂಥ ವಾಚಿನ ಗಾಜು ತೆಗೆಯಬೇಡಿ, ಬಣ್ಣ ಕೆರೆಯಬೇಡಿ.

ಹಿರಿಯರಿಗೆ ಇನ್ನೊಂದು. ಹೊಸದರಂತೆ ಥಳಥಳಿಸುವ ಬಣ್ಣದ ಡಯಲಿನ ‘ಹಳೆಯ ಸ್ವಿಸ್ ವಾಚು’ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ. ಹೊಸದಾಗಿ ಬಣ್ಣ ಬಳಿದು, ಒಳಗೆ ಬೇರೆ ಬೇರೆ ವಾಚಿನ ಭಾಗ ಕೂಡಿಸಿ ಮಾರುವುದುಂಟು. ಹಿಂಬದಿ ಬಿಚ್ಚಿಸಿ, ಡಯಲಿನ ಮೇಲಿನ ಹೆಸರೂ ಯಂತ್ರದ ಮೇಲಿನ ಹೆಸರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಳಿದವರಿಂದ ನೋಡಿಸಿ. ಮಾಸಿದ ಡಯಲಾದರೂ ಮೂಲದ್ದಾದರೆ ಅದೇ ಮೇಲು.

ವಾಚಿನ ಜೊತೆ ಒಂದು ಚೀಟಿಯನ್ನೂ ಇಡಿ: ಯಾರು ಕೊಂಡದ್ದು, ಯಾವ ವರ್ಷ, ಅವರು ಎಲ್ಲಿ ದುಡಿಯುತ್ತಿದ್ದರು, ಯಾರು ಯಾರ ಕೈ ದಾಟಿ ಬಂತು. ನನ್ನ ಬೀರುವಿನ ಹತ್ತೊಂಬತ್ತರಲ್ಲಿ ಏಳರ ಯಜಮಾನರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಯಂತ್ರ ಕೆಟ್ಟರೆ ಸಾಹೇಬರಂಥವರು ಸರಿಮಾಡುತ್ತಾರೆ. ಈ ವಿವರ ಬರೆಯಬಲ್ಲವರು ನಿಮ್ಮ ಮನೆಯಲ್ಲಿ ಮಾತ್ರ ಇದ್ದಾರೆ. ಅಜ್ಜಿ ಇನ್ನೂ ಇದ್ದರೆ, ಈ ಭಾನುವಾರವೇ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ.