ಗೋಡೆಗೆ ಅಂಟದ ಎಲೆಕ್ಟ್ರಾನ್

ನಮ್ಮ ಬ್ರಾಂಚಿನಲ್ಲಿ ಮಾಸ್‌ಫೆಟ್ ಚಿತ್ರ ಬಿಡಿಸಲು ಬಾರದವರು ಯಾರೂ ಇಲ್ಲ. ಮೇಲೆ ಗೇಟು, ಅದರ ಕೆಳಗೆ ತೆಳ್ಳಗಿನ ಆಕ್ಸೈಡು, ಅದರ ಕೆಳಗೆ ಸಿಲಿಕಾನ್, ಆಚೆ ಈಚೆ ಸೋರ್ಸು, ಡ್ರೈನು. ಗೇಟಿಗೆ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್‌ಗಳು ಬಂದು ಆಕ್ಸೈಡಿನ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ, ಅದೇ ಚಾನೆಲ್. ಪರೀಕ್ಷೆಗೆ ಇಷ್ಟು ಸಾಕು. ದೊಡ್ಡ ಟ್ರಾನ್ಸಿಸ್ಟರಿಗೂ ಸಾಕು.

ಆದರೆ ಎಲೆಕ್ಟ್ರಾನ್‌ಗಳು ನಿಜವಾಗಿ ಗೋಡೆಗೆ ಅಂಟಿಕೊಳ್ಳೋದಿಲ್ಲ. ಗೋಡೆಯಿಂದ ಸುಮಾರು 1 ನ್ಯಾನೋಮೀಟರ್ ದೂರ ನಿಲ್ಲುತ್ತವೆ. ಆ ಒಂದು ನ್ಯಾನೋಮೀಟರಿನ ಹಿಂದೆ ಬಿದ್ದು ನಾವು ನಾಲ್ಕು ಜನ ಇಡೀ ಏಳನೇ ಸೆಮಿಸ್ಟರ್ ಕಳೆದೆವು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇದು ಬೇಕಿತ್ತಾ ಅಂತ ಕೇಳಿದವರಿಗೆಲ್ಲ ಕೊಡಬೇಕಾದ ಉತ್ತರ ಈ ಲೇಖನ.

ಮೊದಲು ದೂರ ಯಾಕೆ ಅನ್ನೋದನ್ನು ನೋಡೋಣ. ನಮ್ಮೊಳಗಿನ ಹುಬ್ಬಳ್ಳಿಯವನು ಮೊದಲ ದಿನವೇ ಕೇಳಿದ್ದ: "ಲೇ, ಗೇಟು ಅಷ್ಟು ಜೋರಾಗಿ ಎಳೀಲಿಕತ್ತದ, ಮತ್ತ ಗ್ವಾಡಿಗೆ ಯಾಕ ಅಂಟೂದಿಲ್ಲ?" ಉತ್ತರ ಕೊಟ್ಟಿದ್ದು ನಮ್ಮಲ್ಲಿ ವೀಣೆ ಕಲಿತವಳು. ವೀಣೆಯ ತಂತಿಯನ್ನು ಎಷ್ಟೇ ಜೋರಾಗಿ ಮೀಟಿ, ಕುದುರೆಯ ಮೇಲೆ ಕೂತ ಜಾಗದಲ್ಲಿ ಅದು ಅಲುಗಾಡೋದಿಲ್ಲ. ಅಲೆ ಏಳುವುದೇನಿದ್ದರೂ ಕುದುರೆಯಿಂದ ಈಚೆಗೆ. ಎಲೆಕ್ಟ್ರಾನ್ ಕೂಡ ಅಲೆ ಅಂತ ಪಿಯುಸಿಯಲ್ಲೇ ಓದಿದ್ದೇವೆ. ಆಕ್ಸೈಡು ಅದಕ್ಕೆ ಎತ್ತರದ ಗೋಡೆ. ಗೋಡೆಯ ಹತ್ತಿರ ಅಲೆ ಹೆಚ್ಚುಕಡಿಮೆ ಸೊನ್ನೆಯಾಗಲೇಬೇಕು. ಅಲೆ ಸೊನ್ನೆ ಅಂದರೆ ಎಲೆಕ್ಟ್ರಾನ್ ಅಲ್ಲಿ ಸಿಗುವ ಸಂಭವವೂ ಸೊನ್ನೆ. ಹಾಗಾಗಿ ಗುಂಪು ಸ್ವಲ್ಪ ಒಳಗೆ ನಿಲ್ಲುತ್ತದೆ.

ವೀಣೆಯಿಂದ ಇನ್ನೊಂದು ಮಾತೂ ಸಿಗುತ್ತದೆ. ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯ ಉದ್ದ ಕಡಿಮೆ ಮಾಡಿದಷ್ಟೂ ಸ್ವರ ಏರುತ್ತದೆ. ಎಲೆಕ್ಟ್ರಾನ್ ನಿಂತ ಜಾಗ ಕಿರಿದಾದಷ್ಟೂ ಅದರ ಅತಿ ಕೆಳಗಿನ ಶಕ್ತಿಮಟ್ಟವೂ ಮೇಲೇರುತ್ತದೆ. ಅದೂ ಅಗಲದ ವರ್ಗಕ್ಕೆ ವಿಲೋಮವಾಗಿ. ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಎಲೆಕ್ಟ್ರಾನಿನ ಸೂತ್ರಕ್ಕೆ ಸಿಲಿಕಾನಿನ ಭಾರದ ಪರಿಣಾಮಿ ದ್ರವ್ಯರಾಶಿ 0.916 ಹಾಕಿ ನೋಡಿ. 100 ನ್ಯಾನೋಮೀಟರ್ ಅಗಲಕ್ಕೆ ಬರುವುದು ಬರೀ 0.04 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಉಷ್ಣತೆಯ ಶಕ್ತಿಯೇ 26 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಇರುವಾಗ ಇದನ್ನು ಯಾರು ಕೇಳುತ್ತಾರೆ? 5 ನ್ಯಾನೋಮೀಟರಿಗೆ ಇಳಿಸಿ, ಅದು 16 ಆಗುತ್ತದೆ. 3 ನ್ಯಾನೋಮೀಟರಿಗೆ ಇಳಿಸಿ, 46 ಆಗುತ್ತದೆ. ಈಗ ಅದು ಉಷ್ಣತೆಯ ಗದ್ದಲಕ್ಕಿಂತ ಜೋರಾಗಿ ಮಾತಾಡುತ್ತಿದೆ. ಇವತ್ತಿನ ನ್ಯಾನೋಶೀಟ್ ಟ್ರಾನ್ಸಿಸ್ಟರಿನ ಸಿಲಿಕಾನ್ ಹಾಳೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಅಂದರೆ ಸಿಲಿಕಾನ್ ಹರಳಿನ ಒಂಬತ್ತೇ ಮನೆಗಳು.

ಇದೆಲ್ಲ ಹೊಸ ವಿಷಯ ಅಂದ್ಕೋಬೇಡಿ. ಸಿಲಿಕಾನಿನ ಮೇಲ್ಮೈಯಲ್ಲಿ ಎಲೆಕ್ಟ್ರಾನ್‌ಗಳು ಎರಡು ಆಯಾಮಕ್ಕೆ ಸೀಮಿತವಾಗುತ್ತವೆ ಅನ್ನೋದಕ್ಕೆ ಐಬಿಎಂ ಪ್ರಯೋಗಾಲಯದಲ್ಲಿ 1966ರಲ್ಲೇ ಪುರಾವೆ ಸಿಕ್ಕಿತ್ತು. ಅಲ್ಲಿಯ ಫ್ರಾಂಕ್ ಸ್ಟರ್ನ್ 1972ರಲ್ಲಿ ಆ ಪದರದ ಪೂರ್ತಿ ಲೆಕ್ಕವನ್ನೇ ಪ್ರಕಟಿಸಿದರು. ಆದರೆ ಆಗಿನ ಆಕ್ಸೈಡಿನ ದಪ್ಪ ಸುಮಾರು 100 ನ್ಯಾನೋಮೀಟರ್. ಸಿಲಿಕಾನಿನ ಪರ್ಮಿಟಿವಿಟಿ ಆಕ್ಸೈಡಿನದಕ್ಕಿಂತ ಮೂರು ಪಟ್ಟು, ಹಾಗಾಗಿ ಎಲೆಕ್ಟ್ರಾನ್ 1 ನ್ಯಾನೋಮೀಟರ್ ದೂರ ನಿಂತರೆ ಆಕ್ಸೈಡಿಗೆ 0.33 ನ್ಯಾನೋಮೀಟರ್ ದಪ್ಪ ಸೇರಿಸಿದಂತೆ. ನೂರರಲ್ಲಿ 0.33 ಅಂದರೆ ಸರ್ಕ್ಯೂಟ್ ಡಿಸೈನ್ ಮಾಡುವವರು ತಲೆ ಎತ್ತಿಯೂ ನೋಡಬೇಕಿಲ್ಲ.

2003ಕ್ಕೆ ಬನ್ನಿ. ಇಂಟೆಲ್‌ನ 90 ನ್ಯಾನೋಮೀಟರ್ ಪೀಳಿಗೆಯಲ್ಲಿ ಆಕ್ಸೈಡಿನ ದಪ್ಪ 1.2 ನ್ಯಾನೋಮೀಟರ್. ಅದೇ 0.33 ಈಗ ಕಾಲು ಭಾಗಕ್ಕಿಂತ ಹೆಚ್ಚು. ಗೇಟಿನ ಕೆಪಾಸಿಟೆನ್ಸು ಐದನೇ ಒಂದರಷ್ಟು ಕಮ್ಮಿ. ಎಲೆಕ್ಟ್ರಾನ್ ಬದಲಾಗಲಿಲ್ಲ, ಅದು ಮೊದಲಿಂದಲೂ ಅಷ್ಟೇ ದೂರ ನಿಲ್ಲುತ್ತಿತ್ತು. ಅದರ ಸುತ್ತಲಿನ ಮನೆ ಚಿಕ್ಕದಾಯಿತು.

ಅದೇ ಹೊತ್ತಿಗೆ ಇನ್ನೊಂದು ತೊಂದರೆಯೂ ಶುರುವಾಯಿತು. ಗೋಡೆ ತೆಳ್ಳಗಾದರೆ ಅಲೆ ಅದರೊಳಗೆ ಇಳಿದು ಆ ಬದಿಗೂ ತಲುಪುತ್ತದೆ, ಟನೆಲಿಂಗ್ ಅನ್ನುತ್ತೇವಲ್ಲ, ಅದು. ಇದನ್ನು ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಗೋಡೆಯ ಎತ್ತರ 3.1 ಎಲೆಕ್ಟ್ರಾನ್‌ವೋಲ್ಟ್, ಆಕ್ಸೈಡಿನೊಳಗಿನ ದ್ರವ್ಯರಾಶಿ 0.4 ಅಂತ ಇಟ್ಟುಕೊಂಡರೆ, ದಪ್ಪ 0.2 ನ್ಯಾನೋಮೀಟರ್ ಕಮ್ಮಿಯಾದಾಗಲೆಲ್ಲ ಸೋರಿಕೆ ಸುಮಾರು ಹತ್ತು ಪಟ್ಟು ಏರುತ್ತದೆ. 0.2 ನ್ಯಾನೋಮೀಟರ್ ಅಂದರೆ ಒಂದು ಪರಮಾಣುವಿನಷ್ಟು ಅಗಲ. ಅದಕ್ಕೇ 2007ರ ಹೊತ್ತಿಗೆ ಇಂಟೆಲ್ ಸಿಲಿಕಾನ್ ಡೈಆಕ್ಸೈಡನ್ನು ಬಿಟ್ಟು ಹಾಫ್ನಿಯಂ ಆಧಾರಿತ ಆಕ್ಸೈಡಿಗೆ ಹೋಯಿತು. ನಾಲ್ಕು ದಶಕ ಬಾಳಿದ ವಸ್ತುವನ್ನು ಮೂಲೆಗೆ ಕೂರಿಸಿದ್ದು ಕ್ವಾಂಟಂ ಮೆಕ್ಯಾನಿಕ್ಸೇ.

ಇನ್ನು ನಮ್ಮ ಪ್ರಾಜೆಕ್ಟಿಗೆ ಬರೋಣ. ನಾವು ಮಾಡಬೇಕಿದ್ದದ್ದು ಮಾಸ್ ರಚನೆಯೊಂದರಲ್ಲಿ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲುತ್ತವೆ ಅನ್ನೋ ಲೆಕ್ಕ. ದಾರಿ ಎರಡಿತ್ತು. ಲ್ಯಾಬಿನಲ್ಲಿರುವ ಡಿವೈಸ್ ಸಿಮ್ಯುಲೇಟರಿನಲ್ಲಿ ಕ್ವಾಂಟಂ ಕರೆಕ್ಷನ್ ಅನ್ನೋ ಆಯ್ಕೆಯನ್ನು ಆನ್ ಮಾಡೋದು ಒಂದು. ಲೆಕ್ಕವನ್ನು ನಾವೇ ಬರೆಯೋದು ಇನ್ನೊಂದು. ಸೀನಿಯರ್ಸ್ ಹೇಳಿದ್ದು ಒಂದೇ ಮಾತು: "ಟಿಕ್ ಹಾಕಿ, ಗ್ರಾಫ್ ತೆಗೀರಿ, ರಿಪೋರ್ಟ್ ಬರೀರಿ. ಆಪ್ಟಿಟ್ಯೂಡ್ ಪ್ರಾಕ್ಟೀಸ್ ಮಾಡ್ರೋ ಮೊದಲು." ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಕೆಲಸ ಸಿಗೋದು ಆ ವರ್ಷವೇ ಆಗಬೇಕಾದ ಸಂಗತಿಯಾಗಿತ್ತು. ಒಂದು ವಾರ ಚರ್ಚೆ ನಡೆಯಿತು, ಎರಡು ದಿನ ಮಾತು ಬಿಟ್ಟಿದ್ದೂ ಆಯಿತು. ಕೊನೆಗೆ ಒಪ್ಪಂದ: ಎರಡನ್ನೂ ಮಾಡೋಣ, ನಮ್ಮ ಕೋಡಿನ ಎದುರು ಆ ಟಿಕ್ ಎಷ್ಟು ನಿಲ್ಲುತ್ತದೆ ನೋಡೋಣ. ಟೆಸ್ಟ್ ಇದ್ದವರಿಗೆ ಆ ವಾರ ರಜೆ, ಅವರ ಪಾಲನ್ನು ಉಳಿದವರು ಮಾಡೋದು.

ಕೋಡಿನ ಮೊದಲ ಭಾಗ ಸುಲಭ. 20 ನ್ಯಾನೋಮೀಟರ್ ಆಳವನ್ನು 0.1 ನ್ಯಾನೋಮೀಟರಿನ ತುಂಡುಗಳಾಗಿ ಮಾಡಿದರೆ 200 ಬಿಂದು. ಶ್ರೋಡಿಂಜರ್ ಸಮೀಕರಣ ಮೂರೇ ಕರ್ಣಗಳಲ್ಲಿ ಸಂಖ್ಯೆ ಇರುವ ಒಂದು ಮ್ಯಾಟ್ರಿಕ್ಸ್ ಆಗುತ್ತದೆ. ಅದರ ಐಗನ್ ವ್ಯಾಲ್ಯೂಗಳೇ ಶಕ್ತಿಮಟ್ಟಗಳು, ಐಗನ್ ವೆಕ್ಟರ್‌ಗಳೇ ಅಲೆಗಳು. ಎರಡನೇ ಸೆಮಿಸ್ಟರಿನ ಗಣಿತದಲ್ಲಿ "ಇದೆಲ್ಲಿ ಉಪಯೋಗ ಸರ್" ಅಂತ ಕೇಳಿದ್ದಕ್ಕೆ ಇಲ್ಲಿ ಉತ್ತರವಿತ್ತು.

ಕಷ್ಟ ಇರೋದು ಮುಂದೆ. ಎಲೆಕ್ಟ್ರಾನ್ ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ಪೊಟೆನ್ಷಿಯಲ್ ಗೊತ್ತಿರಬೇಕು. ಪೊಟೆನ್ಷಿಯಲ್ ತಿಳಿಯಲು ಪಾಯ್ಸಾನ್ ಸಮೀಕರಣಕ್ಕೆ ಎಲೆಕ್ಟ್ರಾನ್ ಎಲ್ಲಿದೆ ಅಂತ ಹೇಳಬೇಕು. ಶುದ್ಧ ಬೀಜವೃಕ್ಷ ನ್ಯಾಯ. ಒಂದು ಊಹೆಯಿಂದ ಶುರುಮಾಡಿ, ಎರಡು ಸಮೀಕರಣಗಳ ನಡುವೆ ಸುತ್ತುತ್ತಾ, ಉತ್ತರ ಬದಲಾಗುವುದು ನಿಂತಾಗ ನಿಲ್ಲಿಸಬೇಕು. ಹೊಸ ಉತ್ತರವನ್ನು ಪೂರ್ತಿ ಒಪ್ಪಿಕೊಂಡರೆ ಲೆಕ್ಕ ಅತ್ತಿಂದಿತ್ತ ತೂಗಾಡುತ್ತದೆ. ಈ ಸಮೀಕರಣಗಳ ಸ್ವಭಾವವೇ ಹಾಗೆ. ಸ್ನಾನದ ನೀರು ಹದ ಮಾಡುವಂತೆ ಮಾಡಬೇಕು. ಬಿಸಿನೀರಿಗೆ ಒಂದು ಬಕೆಟ್ ತಣ್ಣೀರು ಒಮ್ಮೆಗೇ ಸುರಿಯದೆ ಚೊಂಬು ಚೊಂಬಾಗಿ ಬೆರೆಸುವ ಹಾಗೆ, ಹಳೆಯದರಲ್ಲಿ 90 ಪಾಲು, ಹೊಸದರಲ್ಲಿ 10 ಪಾಲು.

ನಮ್ಮ ಗ್ರಾಫ್ ಬಂದ ರಾತ್ರಿ ಹಾಸ್ಟೆಲ್ಲಿನಲ್ಲಿ ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪಿನಲ್ಲಿ 11 ಪರ್ಸೆಂಟ್ ಚಾರ್ಜ್ ಉಳಿದಿತ್ತು. ಗೋಡೆಯ ಹತ್ತಿರ ಸೊನ್ನೆ, ಆಮೇಲೆ ಏರಿಕೆ, 1 ನ್ಯಾನೋಮೀಟರಿನ ಆಸುಪಾಸಿನಲ್ಲಿ ಶಿಖರ, ಆಮೇಲೆ ಇಳಿಜಾರು. ನಾವು ಬರೆದ ಕೋಡಿನಿಂದ ಬಂದದ್ದು.

ಸಿಮ್ಯುಲೇಟರಿನ ಟಿಕ್ ಮಾಡುವ ಕೆಲಸ ಬೇರೆ. ಅದರ ಹಿಂದಿರುವುದು ಡೆನ್ಸಿಟಿ ಗ್ರೇಡಿಯಂಟ್ ಅನ್ನೋ ಮಾದರಿ. ಆಂಕೋನಾ ಮತ್ತು ಟಿಯರ್‌ಸ್ಟನ್ 1987ರಲ್ಲಿ ಮಂಡಿಸಿದ್ದು. ಅದು ಅಲೆಗಳನ್ನು ಲೆಕ್ಕ ಹಾಕೋದಿಲ್ಲ. ಎಲೆಕ್ಟ್ರಾನ್ ಸಾಂದ್ರತೆ ತೀರಾ ಥಟ್ಟನೆ ಬದಲಾಗಬಾರದು ಅನ್ನೋ ಒಂದು ಪದವನ್ನು ಮಾಮೂಲಿ ಸಮೀಕರಣಕ್ಕೆ ಸೇರಿಸುತ್ತದೆ, ಅಷ್ಟೇ. ಜಾಣತನದ ಕೆಲಸ. ಮೂರು ಆಯಾಮದ ಡಿವೈಸಿಗೂ ಬೇಗ ಉತ್ತರ ಕೊಡುತ್ತದೆ. ಆದರೆ ಅದರಲ್ಲಿ ನಾವೇ ಹೊಂದಿಸಬಹುದಾದ ಒಂದು ಗುಣಕ ಇದೆ. ಅದನ್ನು ತಿರುಗಿಸುತ್ತಾ ಹೋದರೆ ಸಿಮ್ಯುಲೇಟರಿನ ಗೆರೆ ನಮ್ಮ ಗೆರೆಯ ಮೇಲೆ ಸರಿಯಾಗಿ ಕೂರುತ್ತದೆ.

ನಿಜವಾದ ಜಗಳ ಆಗಿದ್ದು ಇಲ್ಲಿ. ಪ್ರತಿ ಗ್ರಾಫಿಗೂ ಗುಣಕವನ್ನು ಹೊಂದಿಸಿ "ಎರಡೂ ಅದ್ಭುತವಾಗಿ ತಾಳೆಯಾಗುತ್ತವೆ" ಅಂತ ಬರೆದರೆ ರಿವ್ಯೂ ಆರಾಮಾಗಿ ಮುಗಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ ಕೂಡ. ಇನ್ನೊಂದು ಪಕ್ಷದ ವಾದ: ಪ್ರತಿಸಲ ಹೊಂದಿಸಿದರೆ ಅದು ಭವಿಷ್ಯ ಹೇಳಿದಂತಾಗಲ್ಲ, ಆದದ್ದನ್ನು ಕಂಡು ಹೇಳಿದಂತಾಗುತ್ತೆ. ಇವತ್ತು ಯಾರೂ ಮಾಡದ ಡಿವೈಸಿಗೆ ಉತ್ತರ ಬೇಕಾದಾಗ ಯಾವ ಗೆರೆಗೆ ಹೊಂದಿಸ್ತೀರಿ? ಕೊನೆಗೆ ಗೆದ್ದಿದ್ದು ಈ ವಾದ. ಒಂದೇ ಒಂದು ಸ್ಥಿತಿಯಲ್ಲಿ ಗುಣಕ ಹೊಂದಿಸಿದೆವು, ಆಮೇಲೆ ಮುಟ್ಟಲಿಲ್ಲ. ಮಾಮೂಲಿ ದಪ್ಪ ಸಿಲಿಕಾನಿನಲ್ಲಿ ಎರಡೂ ಗೆರೆ ಜೊತೆಜೊತೆಗೇ ಸಾಗಿದವು. ಎರಡೂ ಬದಿ ಗೋಡೆಯಿರುವ 3 ನ್ಯಾನೋಮೀಟರಿನ ತೆಳು ಹಾಳೆಗೆ ಬಂದಾಗ ಬೇರೆಯಾದವು.

ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಇಡೀ ಪ್ರಾಜೆಕ್ಟಿನಲ್ಲೇ ನಮಗೆ ಇಷ್ಟವಾದ ಸಂಗತಿ. ಸಿಲಿಕಾನಿನಲ್ಲಿ ಎಲೆಕ್ಟ್ರಾನ್‌ಗೆ ಆರು ಕಣಿವೆಗಳಿವೆ. ಅಗಲವಾದ ಜಾಗದಲ್ಲಿ ಆರೂ ಸಮಾನ. ಚಿಪ್‌ಗಳಲ್ಲಿ ಬಳಸುವ 100 ಮೇಲ್ಮೈಯಲ್ಲಿ ಗೋಡೆಗಳ ನಡುವೆ ಹಿಸುಕಿದರೆ, ಗೋಡೆಯ ದಿಕ್ಕಿನಲ್ಲಿ ಭಾರವಾದ, ಅಂದರೆ 0.916 ದ್ರವ್ಯರಾಶಿಯ ಎರಡು ಕಣಿವೆಗಳು ಕೆಳಗೇ ಉಳಿಯುತ್ತವೆ. ಹಗುರವಾದ, ಅಂದರೆ 0.19ರ ನಾಲ್ಕು ಮೇಲಕ್ಕೆ ಹಾರುತ್ತವೆ. 3 ನ್ಯಾನೋಮೀಟರಿನಲ್ಲಿ ಮೊದಲಿನವು 46ರಲ್ಲಿದ್ದರೆ ಇವು 220 ಮಿಲಿ ಎಲೆಕ್ಟ್ರಾನ್‌ವೋಲ್ಟಿನಲ್ಲಿ. ಎಲೆಕ್ಟ್ರಾನ್‌ಗಳೆಲ್ಲ ಕೆಳಗಿನ ಎರಡಕ್ಕೇ ಬಂದು ಸೇರುತ್ತವೆ. ಆ ಎರಡರಲ್ಲಿ ಸೋರ್ಸಿನಿಂದ ಡ್ರೈನಿನ ಕಡೆಗೆ ಓಡುವ ದಿಕ್ಕಿನ ದ್ರವ್ಯರಾಶಿ 0.19, ಹಗುರ! ಸಾಂದ್ರತೆಯೊಂದನ್ನೇ ನೋಡುವ ಮಾದರಿಗೆ ಈ ಕಣಿವೆಗಳ ರಾಜಕೀಯ ಕಾಣೋದಿಲ್ಲ. ಅದರ ಕೆಲಸವೂ ಅದಲ್ಲ.

ರಿವ್ಯೂನಲ್ಲಿ ಗೆರೆಗಳು ಬೇರೆಯಾದ ಗ್ರಾಫನ್ನೇ ಮೊದಲು ತೋರಿಸಿದೆವು. "ಇದು ಯಾಕೆ ತಾಳೆಯಾಗ್ತಿಲ್ಲ?" ಅಂತ ಮೇಡಂ ಕೇಳಿದರು. ನಾಲ್ವರೂ ಒಟ್ಟಿಗೆ ಬಾಯಿ ತೆರೆದೆವು. ಉಳಿದ ಹತ್ತು ನಿಮಿಷ ಅದೊಂದೇ ಗ್ರಾಫಿನ ಮೇಲೆ ಮಾತು ನಡೆಯಿತು. ತಾಳೆಯಾದ ಗ್ರಾಫ್‌ಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ನಾವು ಮಾಡಿದ್ದು ಎಷ್ಟು ಸಣ್ಣದು ಅನ್ನೋದೂ ಗೊತ್ತಿದೆ. ನಮ್ಮದು ಒಂದೇ ಆಯಾಮ, ಅದೂ ಕರೆಂಟ್ ಹರಿಯದ ಸ್ಥಿತಿ. ಸೋರ್ಸ್, ಡ್ರೈನ್‌ಗಳ ನಡುವೆ ಹರಿಯುವ ಕರೆಂಟಿಗೆ ನಾನ್ ಈಕ್ವಿಲಿಬ್ರಿಯಂ ಗ್ರೀನ್ಸ್ ಫಂಕ್ಷನ್ ವಿಧಾನ ಬೇಕು. ಖರಗ್‌ಪುರ ಐಐಟಿಯಲ್ಲಿ ಓದಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಸುಪ್ರಿಯೋ ದತ್ತ ಅದನ್ನು ಇಂಜಿನಿಯರುಗಳಿಗೆ ಅರ್ಥವಾಗುವಂತೆ ಪುಸ್ತಕ ಬರೆದಿದ್ದಾರೆ. ಲೆಕ್ಕದ ಗಾತ್ರ ಮಾತ್ರ ಭಯಂಕರ. ಸಿಲಿಕಾನಿನ ಒಂದು ಘನ ನ್ಯಾನೋಮೀಟರಿನಲ್ಲಿ ಸುಮಾರು 50 ಪರಮಾಣು. 5 ನ್ಯಾನೋಮೀಟರ್ ದಪ್ಪ, 20 ಅಗಲ, 20 ಉದ್ದದ ತುಂಡಿನಲ್ಲಿ ಒಂದು ಲಕ್ಷ. ಪ್ರತಿ ಪರಮಾಣುವಿಗೆ ಹತ್ತು ಆರ್ಬಿಟಲ್ ಹಿಡಿದರೆ ಮ್ಯಾಟ್ರಿಕ್ಸಿನ ಒಂದು ಬದಿಯೇ ಹತ್ತು ಲಕ್ಷ. ಅದನ್ನು ಪ್ರತಿಯೊಂದು ಶಕ್ತಿಗೂ ಬಿಡಿಸಬೇಕು. ಅದಕ್ಕೇ ಆಯ್ಕೆ ಅನಿವಾರ್ಯ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು.

ಬೆಂಗಳೂರಿನಲ್ಲಿ ಸಾವಿರಾರು ಜನ ಚಿಪ್ ಡಿಸೈನ್ ಮಾಡುತ್ತಾರೆ. ನಮ್ಮಲ್ಲೂ ಹಲವರು ಅಲ್ಲಿಗೇ ಹೋಗುವವರು. ಅಲ್ಲಿ ಟ್ರಾನ್ಸಿಸ್ಟರ್ ಅಂದರೆ ಬೇರೆ ಯಾರೋ ಕೊಟ್ಟ ಒಂದು ಮಾಡೆಲ್ ಫೈಲ್. ಎಲ್ಲರೂ ಅದನ್ನು ಬಿಚ್ಚಿ ನೋಡುತ್ತಾ ಕೂತರೆ ಚಿಪ್ ಆಗೋದಿಲ್ಲ, ಒಪ್ಪುತ್ತೇವೆ. ಆದರೆ ಬಿಚ್ಚಲು ಬರುವವರು ಒಬ್ಬರೂ ಇಲ್ಲದಿದ್ದರೆ, ಆ ಫೈಲ್ ಎಲ್ಲಿಯವರೆಗೆ ನಂಬಿಕಸ್ತ ಅಂತ ಹೇಳಲು ಯಾವಾಗಲೂ ಇನ್ನೊಬ್ಬರನ್ನೇ ಕೇಳಬೇಕಾಗುತ್ತದೆ.

ರಿಪೋರ್ಟಿನ ಕೊನೆಯಲ್ಲಿ "ಈ ಮಾದರಿ ಬಿಟ್ಟಿರುವುದು" ಅಂತ ಒಂದು ಪುಟ ಇಟ್ಟಿದ್ದೇವೆ. ನಮ್ಮ ಗೋಡೆ ಅನಂತ ಎತ್ತರದ್ದು, ನಿಜವಾದದ್ದು 3.1 ಎಲೆಕ್ಟ್ರಾನ್‌ವೋಲ್ಟಿನದು, ಹಾಗಾಗಿ ಸೋರಿಕೆ ನಮ್ಮ ಲೆಕ್ಕದಲ್ಲಿಲ್ಲ. ಗೋಡೆಯ ಉಬ್ಬುತಗ್ಗು ಇಲ್ಲ. ಹೋಲ್‌ಗಳನ್ನು ಸೇರಿಸಿಲ್ಲ. ಕೋಡ್ ಲ್ಯಾಬಿನ ಕಂಪ್ಯೂಟರಿನಲ್ಲಿದೆ, ಕಾಮೆಂಟುಗಳೆಲ್ಲ ಕನ್ನಡದಲ್ಲಿವೆ. ಜೂನಿಯರ್ಸ್ ಯಾರಾದರೂ ಮುಂದುವರಿಸುವುದಾದರೆ ಮೊದಲು ಆ ಗೋಡೆಯ ಎತ್ತರ ಇಳಿಸಿ ನೋಡಿ. ಅಲೆ ಆಕ್ಸೈಡಿನೊಳಗೆ ಎಷ್ಟು ದೂರ ಇಳಿಯಿತು ಅಂತ ನಮಗೂ ಹೇಳಿ. ನಾಲ್ವರೂ ಬೇರೆ ಬೇರೆ ಊರಲ್ಲಿರುತ್ತೇವೆ, ಆದರೆ ಆ ಗ್ರಾಫ್ ನೋಡಲು ಕಾಯುತ್ತಿರುತ್ತೇವೆ.