ಪೆನ್ ಡ್ರೈವಿನಲ್ಲಿ ಹತ್ತನೇ ಕ್ಲಾಸು

ನಮ್ಮ ಮನೆ ಟಿವಿ ಪಕ್ಕ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಅದರಲ್ಲಿ ಅಪ್ಪ ಹೊಗೆಸೊಪ್ಪು ಮಾರಿದ ಚೀಟಿಗಳು, ಹಳೇ ಕರೆಂಟ್ ಬಿಲ್ಲುಗಳು, ಒಂದು 16 ಜಿಬಿ ಪೆನ್ ಡ್ರೈವ್. ಮೊನ್ನೆ ಹಬ್ಬಕ್ಕೆ ಮನೆ ತೊಳೆಯುವಾಗ ಅವ್ವ ಅದನ್ನು ಎತ್ತಿ ಹಿಡಿದು, "ಇದಿನ್ನೂ ಬೇಕಾ ಮಗ?" ಅಂದಳು. ಬೇಕು ಅಂದೆ.

2020ರ ಮಳೆಗಾಲ ಅದು. ಕೊರೊನಾ ಬಂದು ಹಾಸ್ಟೆಲ್ ಮುಚ್ಚಿದ್ದರಿಂದ ನಾನು ಮೈಸೂರಿನಿಂದ ಊರಿಗೆ ಬಂದಿದ್ದೆ. ರಾವಂದೂರಿನ ಪಕ್ಕದ ಹಳ್ಳಿ ನಮ್ಮದು. ತಂಗಿ ಆಗಷ್ಟೇ ಹತ್ತನೇ ಕ್ಲಾಸು. ಶಾಲೆ ಬಾಗಿಲು ಹಾಕಿತ್ತು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ 'ಸೇತುಬಂಧ' ಪಾಠ ಶುರುವಾಯಿತು. ಆಮೇಲೆ 'ಸಂವೇದ' ಬಂತು. ಮನೆಯಲ್ಲಿ ಟಿವಿ ಇದ್ದರೆ ಸಾಕು ಅಂತ ಎಲ್ಲರೂ ಹೇಳಿದರು.

ನಮ್ಮನೆಯಲ್ಲಿ ಟಿವಿ ಇತ್ತು. ಮೇಲೆ ಡಿಡಿ ಫ್ರೀ ಡಿಶ್ ಇತ್ತು. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತಲ್ಲ, ಅದೇ. ಬಾಕ್ಸು, ಛತ್ರಿ ಒಂದು ಸಲ ಕೊಂಡರೆ ಆಯಿತು, ತಿಂಗಳಿಗೆ ದುಡ್ಡು ಕಟ್ಟುವಂತಿಲ್ಲ. ಜಿಸ್ಯಾಟ್-15 ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಕಳಿಸುವುದನ್ನು ಆಗ್ನೇಯಕ್ಕೆ ಮುಖ ಮಾಡಿದ ನಮ್ಮ ಛತ್ರಿ ಹಿಡಿದುಕೊಡುತ್ತಿತ್ತು. ನಮಗೆ ಇಲ್ಲದೇ ಇದ್ದದ್ದು ಹೊತ್ತು.

ಪಾಠ ಬರುತ್ತಿದ್ದದ್ದು ಹಗಲು. ನಮ್ಮ ಕಡೆ ಹೊಗೆಸೊಪ್ಪು ಮುರಿಯುವುದೂ ಅದೇ ತಿಂಗಳು, ಅದೇ ಹೊತ್ತು. ಬೆಳಿಗ್ಗೆ ಮುರಿದ ಸೊಪ್ಪನ್ನು ಬಾಡುವ ಮೊದಲು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಕೂಲಿಗೆ ಜನ ಸಿಗುತ್ತಿರಲಿಲ್ಲ. "ಟಿವಿ ಮುಂದೆ ಕೂತ್ರೆ ಸೊಪ್ಪು ಯಾರು ಕಟ್ತಾರೆ?" ಅಂತ ಅಪ್ಪ ಕೇಳಿದ್ದು ಸಿಟ್ಟಿನಿಂದಲ್ಲ. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮೊದಲ ಎರಡು ವಾರ ತಂಗಿ ಒಂದು ಪಾಠವನ್ನೂ ಪೂರ್ತಿ ನೋಡಲಿಲ್ಲ.

ಒಂದು ದಿನ ರಿಮೋಟ್ ಒರೆಸುವಾಗ ಕೆಂಪು ಚುಕ್ಕೆ ಇದ್ದ ಬಟನ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಬಾಕ್ಸಿನ ಯುಎಸ್‌ಬಿ ತೂತು ಇರುವುದು ಸಿನಿಮಾ ಹಾಡು ಹಾಕಲಿಕ್ಕೆ ಅಂದುಕೊಂಡಿದ್ದೆ. ಪೆನ್ ಡ್ರೈವ್ ಸಿಕ್ಕಿಸಿ ಒತ್ತಿದೆ. ರೆಕಾರ್ಡ್ ಆಯಿತು! ಮೇಲಿಂದ ಬರುವುದೇ ಡಿಜಿಟಲ್ ಆಗಿ. ಬಾಕ್ಸು ಅದನ್ನು ಹಾಗೇ ಬರೆದಿಡುತ್ತದೆ ಅಷ್ಟೆ. ಅರ್ಧ ಗಂಟೆಯ ಪಾಠಕ್ಕೆ ಸುಮಾರು ಅರ್ಧ ಜಿಬಿ.

ಅಷ್ಟು ಸಲೀಸಾಗಿ ಮಾತ್ರ ನಡೆಯಲಿಲ್ಲ. ಟೈಮರ್ ಇಟ್ಟು ಹೊಲಕ್ಕೆ ಹೋದೆ. ಸಂಜೆ ನೋಡಿದರೆ ಗಣಿತದ ಬದಲು ಯಾವುದೋ ಹಾಡಿನ ಕಾರ್ಯಕ್ರಮ. ಬಾಕ್ಸಿನ ಗಡಿಯಾರ ಗ್ರೀನಿಚ್ ಸಮಯದಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ! ಅದನ್ನು ಸರಿ ಮಾಡಿದರೆ ತಮ್ಮನ ತಕರಾರು. ರೆಕಾರ್ಡ್ ಆಗುವಾಗ ಅವನ ಹಿಂದಿ ಸಿನಿಮಾ ಚಾನೆಲ್ ಹಾಕಲು ಆಗುತ್ತಿರಲಿಲ್ಲ. ಜೋರು ಮಳೆ ಬಂದರೆ ಚಿತ್ರ ಚೂರುಚೂರು. ಕರೆಂಟು ಹೋದರೆ ಪಾಠ ಅಲ್ಲಿಗೇ ನಿಂತಿತು. ಇನ್ನೊಂದು ದಿನ ಪೆನ್ ಡ್ರೈವನ್ನು ನೆಂಟರ ಮನೆ ಬಾಕ್ಸಿಗೆ ಹಾಕಿದಾಗ ಏನೋ ಕೇಳಿತು. ಓದದೆ ಓಕೆ ಒತ್ತಿದೆ. ಫಾರ್ಮ್ಯಾಟ್ ಆಗಿ ಹನ್ನೊಂದು ಪಾಠ ಹೋದವು. ತಂಗಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸೊಪ್ಪು ಬೇಯಿಸುವಾಗ ಐದಾರು ದಿನ ಹಗಲು ರಾತ್ರಿ ಬ್ಯಾರನ್ ಒಲೆ ಕಾಯಬೇಕು. ರಾತ್ರಿ ಪಾಳಿ ನಾನು ಮತ್ತು ಅಪ್ಪ. ತಂಗಿಯೂ ಅಲ್ಲಿಗೇ ಬಂದು ಕೂರುತ್ತಿದ್ದಳು. ಓಟಿಜಿ ಕೇಬಲ್ಲಿನಿಂದ ಪೆನ್ ಡ್ರೈವನ್ನು ಫೋನಿಗೆ ಸಿಕ್ಕಿಸಿ, ವಿಎಲ್‌ಸಿ ಆ್ಯಪಿನಲ್ಲಿ ಪಾಠ ಹಾಕುತ್ತಿದ್ದೆ. ಜೊತೆಗೆ ಪಕ್ಕದ ಮನೆ ಹುಡುಗಿ. ಅವಳದೂ ಹತ್ತನೇ ಕ್ಲಾಸು. ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಅಪ್ಪ ಅವ್ವನ ಜೊತೆ ನಮ್ಮ ಹೊಲಕ್ಕೇ ಸೊಪ್ಪು ಕಟ್ಟಲು ಬರುತ್ತಿದ್ದಳು. ಅರ್ಥವಾಗದಿದ್ದರೆ ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಕೇಳುವುದು ಅವಳದೇ ಕೆಲಸ. "ಕ್ಲಾಸಲ್ಲಿ ಮೇಷ್ಟ್ರುನ್ನ ಇಂಗ್ ನಿಲ್ಸಕ್ಕಾಯ್ತದಾ ಅಣ್ಣ?" ಅಂತ ನಗುತ್ತಿದ್ದಳು. ಒಲೆಗೆ ಸೌದೆ ತಳ್ಳುತ್ತಾ ಅಪ್ಪನೂ ಕಿವಿ ಕೊಡುತ್ತಿದ್ದ.

ವರ್ಷದ ಕೊನೆಗೆ ಅವರ ಮನೆಯವರೆಲ್ಲ ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋದರು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸು ತೆರೆಯಿತು. ತಂಗಿ ಹೋದಳು, ಅವಳು ಬರಲಿಲ್ಲ. ಸಂಕ್ರಾಂತಿಗೆ ಅವಳಪ್ಪ ಒಬ್ಬನೇ ಊರಿಗೆ ಬಂದಾಗ, ಇದ್ದ ಪಾಠಗಳನ್ನೆಲ್ಲ ಅವನ ಫೋನಿನ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟೆ. ವಾರ ಕಳೆದು ಫೋನ್ ಬಂತು. "ಅಣ್ಣ, ತ್ರಿಕೋನಮಿತಿದು ಒಂದು ಪಾಠ ಅರ್ಧಕ್ಕೇ ನಿಂತೋಗೈತೆ. ಮಿಕ್ಕಿದ್ದು ಐತಾ?"

ಕರೆಂಟು ಹೋದ ದಿನದ ಪಾಠ ಅದು. ಮಿಕ್ಕಿದ್ದು ನನ್ನ ಹತ್ತಿರ ಇರಲಿಲ್ಲ. ಯೂಟ್ಯೂಬಿನಲ್ಲಿ ಹುಡುಕಿ ಲಿಂಕ್ ಕಳಿಸಿದೆ. ಆದರೆ ಅವರಿದ್ದ ಲೈನ್ ಮನೆಯಲ್ಲಿ ಮಾತಾಡಲಿಕ್ಕೇ ಸಿಗ್ನಲ್ ಹುಡುಕಬೇಕು, ವಿಡಿಯೋ ಎಲ್ಲಿ ಬರುತ್ತದೆ? ಅವಳು ಮತ್ತೆ ಕೇಳಲಿಲ್ಲ. ಆ ಸಂಜೆ ಒಂದು ಹಳೇ ಯುಪಿಎಸ್ ತಂದು ಬಾಕ್ಸಿಗೆ ಜೋಡಿಸಿದೆ. ಅದನ್ನು ಆಗಸ್ಟಿನಲ್ಲೇ ಮಾಡಬೇಕಿತ್ತು.

ಜುಲೈ 19 ಮತ್ತು 22ಕ್ಕೆ ಪರೀಕ್ಷೆ. ಆ ವರ್ಷ ಬರೇ ಗುರುತು ಹಾಕುವ ಪ್ರಶ್ನೆಗಳು. ಅವಳು ಪರೀಕ್ಷೆ ಹೊತ್ತಿಗೆ ಬಂದು ಬರೆದಳು, ತಂಗಿಯೂ ಬರೆದಳು. ಇಬ್ಬರೂ ಪಾಸು. ಆ ವರ್ಷ ಹೆಚ್ಚು ಕಡಿಮೆ ಎಲ್ಲರೂ ಪಾಸಾದ್ದರಿಂದ ಅದು ನನ್ನ ಪೆನ್ ಡ್ರೈವಿನ ಹೆಚ್ಚುಗಾರಿಕೆ ಅಂತ ಹೇಳಲಾರೆ. ಆದರೆ ಪರೀಕ್ಷೆ ಮುಗಿಸಿ ಬಂದವಳು ಮೊದಲು ಕೇಳಿದ್ದು, "ಆ ಪಾಠದಲ್ಲಿ ಮುಂದೆ ಏನ್ ಯೋಳಿದ್ರು ಅಣ್ಣ?" ಅಂತ. ಮೂವರೂ ಕೂತು ಫೋನಿನಲ್ಲಿ ನೋಡಿದೆವು.

ನಿಮ್ಮ ಮನೆಯ ಬಾಕ್ಸಿನಲ್ಲೂ ಯುಎಸ್‌ಬಿ ತೂತು ಇದ್ದರೆ ಒಮ್ಮೆ ನೋಡಿ. ರಿಮೋಟಿನಲ್ಲಿ ಕೆಂಪು ಚುಕ್ಕೆ ಇದೆಯಾ, ಗಡಿಯಾರ ಸರಿ ಇದೆಯಾ, ರೆಕಾರ್ಡಿಗೇ ಅಂತ ಒಂದು ಪೆನ್ ಡ್ರೈವ್ ಬೇರೆ ಇಟ್ಟಿದ್ದೀರಾ? ಬಾಕ್ಸು ಏನಾದರೂ ಕೇಳಿದರೆ ಓದದೆ ಓಕೆ ಒತ್ತಬೇಡಿ.

ನಮ್ಮ ಪೆನ್ ಡ್ರೈವಿನಲ್ಲಿ ಆ ಅರ್ಧ ಪಾಠ ಇನ್ನೂ ಹಾಗೇ ಇದೆ. ಅಳಿಸಲು ಮನಸ್ಸಾಗಿಲ್ಲ.