ಅಮ್ಮನ ಮಂಡಿಯೂ ನಂದಿದುರ್ಗವೂ

ಸಾಸಲು, ದೊಡ್ಡಬಳ್ಳಾಪುರ ತಾಲ್ಲೂಕು
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಯ್ಯನಿಗೆ,

ಸಂಕ್ರಾಂತಿ ಕಳೆದ ಮೇಲೆ ನೀವೆಲ್ಲ ತೀರ್ಥಹಳ್ಳಿಯಿಂದ ಹೊರಡುವುದು ಖಚಿತ ಎಂದು ಭಾವ ಹೇಳಿದರು. ಒಂದು ದಿನ ಎಲ್ಲಾದರೂ ಕೋಟೆ, ಹೂದೋಟ ಇರುವ ಕಡೆ ಕರೆದುಕೊಂಡು ಹೋಗು ಎಂದು ನೀನು ಒಪ್ಪಿಸಿದ ಕೆಲಸವನ್ನು ತಲೆಗೆ ಹಚ್ಚಿಕೊಂಡು, ನೋಡಬೇಕಾದ್ದನ್ನೆಲ್ಲ ಮೊದಲೇ ನೋಡಿಕೊಂಡು ಬಂದಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ಪುಟ್ಟ ನಡುವೆ ಕಿತ್ತುಕೊಂಡು ತನ್ನ ಸೈಕಲ್ಲಿನ ಕಥೆ ಶುರು ಮಾಡುತ್ತಾನೆ. ಅದಕ್ಕೇ ಈ ಕಾಗದ. ಅಪ್ಪಯ್ಯನಿಗೂ ಓದಿ ಹೇಳು. ತಕರಾರಿದ್ದರೆ ಈಗಲೇ ಬರಲಿ, ಬೆಟ್ಟದ ಮೇಲೆ ಬೇಡ.

ಮೊದಲು ಈ ಸೀಮೆಯ ವಿಚಾರ. ನಮ್ಮ ಆಗುಂಬೆಯಲ್ಲಿ ಆಷಾಢ ಒಂದರಲ್ಲೇ ಸುರಿಯುವ ಮಳೆ ಇಲ್ಲಿ ಇಡೀ ವರ್ಷ ಕಾದರೂ ಬರುವುದಿಲ್ಲ. ಈಗ ರಾಗಿ ಕೊಯ್ದಾಗಿದೆ, ಹೊಲಗಳಲ್ಲಿ ಮೆದೆ ಎದ್ದಿದೆ. ನೀಲಗಿರಿ ತೋಪು, ಬತ್ತಿದ ಕೆರೆಯ ಅಂಗಳ, ಅದರಾಚೆ ಎತ್ತ ತಿರುಗಿದರೂ ಬೋಳು ಬಂಡೆಯ ಬೆಟ್ಟ. ಹಸಿರಿಲ್ಲವೆಂದು ಅಮ್ಮ ಮೊದಲ ದಿನ ಮುಖ ಸಣ್ಣ ಮಾಡಬಹುದು. ಎರಡನೇ ದಿನಕ್ಕೆ ಆಕಾಶ ಇಷ್ಟು ದೊಡ್ಡದೇ ಎಂದು ಅವಳೇ ಕೇಳುತ್ತಾಳೆ. ಇಲ್ಲಿನ ಬೆಟ್ಟಗಳಲ್ಲಿ ಎಷ್ಟೋ ದುರ್ಗಗಳೇ. ಪಾಳೆಯಗಾರರ ನಾಡಲ್ಲವೇ, ಬಂಡೆ ಕಂಡಲ್ಲೆಲ್ಲ ಗೋಡೆ ಎಬ್ಬಿಸಿದ್ದಾರೆ.

ಹಾಗಾಗಿ ಆಯ್ಕೆಗೆ ಬರವಿಲ್ಲ. ಮಾಕಳಿದುರ್ಗ ಹತ್ತಿರ. ಕೆಳಗೆ ರೈಲು ಹಾದುಹೋಗುವುದನ್ನು ಮೇಲಿಂದ ನೋಡುವುದೇ ಒಂದು ಚಂದ. ಆದರೆ ಬಂಡೆಯ ಮೇಲೆ ಹೆಜ್ಜೆ ಹುಡುಕಿಕೊಂಡು ಏರಬೇಕು, ಅಮ್ಮನಿಂದಾಗದು. ಮಧುಗಿರಿಯ ಹೆಸರು ಕೇಳಿದರೆ ಅಪ್ಪಯ್ಯ ಎದ್ದು ಕೂರುತ್ತಾರೆಂದು ಗೊತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ನಮ್ಮ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಆ ಕೋಟೆಯಲ್ಲೇ. ಅದೂ ಇಲ್ಲಿಂದ ದೂರವಲ್ಲ. ಆದರೆ ಮಧುಗಿರಿ ಎಂದರೆ ಊರ ನೆತ್ತಿಯ ಮೇಲೆ ನಿಂತ ಒಂದೇ ಕಲ್ಲು, ಏರುವುದು ಗಟ್ಟಿ ಕಾಲಿನವರ ಕೆಲಸ. ಬೇಕಿದ್ದರೆ ಇನ್ನೊಂದು ದಿನ ಅಪ್ಪಯ್ಯನನ್ನು ಬಸ್ಸಿನಲ್ಲಿ ಕರೆದೊಯ್ದು ಬುಡದಿಂದ ತೋರಿಸುತ್ತೇನೆ. ಘಾಟಿ ಸುಬ್ರಹ್ಮಣ್ಯವನ್ನೂ ಆ ದಿನಕ್ಕೆ ಸೇರಿಸುವುದು ಬೇಡ. ಹರಕೆಯ ಕ್ಷೇತ್ರಕ್ಕೆ ಹೋಗುವವರು ಗಡಿಯಾರ ನೋಡುತ್ತ ಹೋಗಬಾರದು.

ಉಳಿದದ್ದು ನಂದಿ. ಕೋಟೆಯೂ ಉಂಟು, ತೋಟವೂ ಉಂಟು, ತುದಿಯ ತನಕ ಟಾರು ರಸ್ತೆಯೂ ಉಂಟು. ಅದೇ ಎಂದು ತೀರ್ಮಾನಿಸಿದೆ.

ಒಂದು ಮಾತು ನೆನಪಿಡು ಅಕ್ಕಯ್ಯ. ದುರ್ಗ ಕಟ್ಟುವವನು ಕಟ್ಟುವುದೇ ಏರಿ ಬರುವವರು ಸೋಲಲಿ ಎಂದು. ದಾರಿ ಕಡಿದು ಮಾಡಿ, ತಿರುವಿನಲ್ಲಿ ಬಾಗಿಲಿಟ್ಟು, ಒಳಗೆ ಮಾತ್ರ ನೀರು ಉಳಿಸಿಕೊಂಡು ಕೂರುತ್ತಾನೆ. ನಾವು ಅಂಥ ಜಾಗಕ್ಕೆ ಮಂಡಿನೋವಿನ ಅಮ್ಮನನ್ನೂ ನಾಲ್ಕು ವರ್ಷದ ಚಿನ್ನುವನ್ನೂ ಕರೆದುಕೊಂಡು ಹೊರಟಿದ್ದೇವೆ. ಆ ದಿನದ ಲೆಕ್ಕವೆಲ್ಲ ಮೆಲ್ಲಗೆ ನಡೆಯುವವರದೇ ಆಗಬೇಕು. ಭಾವನ ಉತ್ಸಾಹ, ಅಪ್ಪಯ್ಯನ ಇತಿಹಾಸ ಎರಡೂ ಅವರ ಹಿಂದೆ ಬರಲಿ.

ಭಾವ ಸೂರ್ಯೋದಯ ನೋಡಲೇಬೇಕು ಎನ್ನುತ್ತಿದ್ದಾರಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಬೆಂಗಳೂರಿನ ಅರ್ಧ ಜನ ಅದಕ್ಕೆಂದೇ ನಡುರಾತ್ರಿ ಎದ್ದು ಬರುತ್ತಾರೆ. ರಜೆಯ ದಿನ ಬುಡದಲ್ಲಿ ಗಾಡಿಗಳ ಸಾಲು ನಿಂತಿರುತ್ತದೆ. ಅಷ್ಟು ಕಷ್ಟಪಟ್ಟು ಮೇಲೆ ಹೋದರೂ ಈ ತಿಂಗಳುಗಳಲ್ಲಿ ಮೋಡ ಬೆಟ್ಟವನ್ನೇ ನುಂಗಿರುತ್ತದೆ. ಎದುರು ನಿಂತವರ ಮುಖ ಕಾಣದಿದ್ದಾಗ ಸೂರ್ಯ ಎಲ್ಲಿಂದ ಕಂಡಾನು? ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಿದರೆ ಹತ್ತು ಗಂಟೆಗೆ ಅಳು ಶುರು. ಮೋಡ ಬೇಕಾದರೆ ಭಾವನಿಗೆ ಆಗುಂಬೆ ಇದ್ದೇ ಇದೆ. ನಾವು ವಾರದ ನಡುವಿನ ದಿನ ಹೋಗೋಣ. ಶನಿವಾರ ಭಾನುವಾರ ವಾಹನಗಳಿಗೆ ನಿರ್ಬಂಧ ಹಾಕುವುದೂ ಉಂಟು. ಹಿಂದಿನ ದಿನ ನಾನೇ ವಿಚಾರಿಸಿಕೊಳ್ಳುತ್ತೇನೆ.

ನನ್ನ ಲೆಕ್ಕ ಹೀಗಿದೆ. ಸಾಸಲಿನಿಂದ 6.30ಕ್ಕೆ ವ್ಯಾನಿನಲ್ಲಿ ಹೊರಡುವುದು. ದೊಡ್ಡಬಳ್ಳಾಪುರದಲ್ಲಿ ತಿಂಡಿ. ಆ ಊರಿನ ಓಣಿಗಳಲ್ಲಿ ಹೋಟೆಲಿನ ಸದ್ದಿಗಿಂತ ಮೊದಲು ಮಗ್ಗದ ಸದ್ದು ಕೇಳುತ್ತದೆ, ಮನೆಮನೆಯಲ್ಲೂ ಪವರ್‌ಲೂಮ್. ಸೀರೆ ಅಂಗಡಿಗೆ ಆ ದಿನ ನುಗ್ಗುವ ಹಾಗಿಲ್ಲ, ಮೊದಲೇ ಹೇಳಿದ್ದೇನೆ. ಅಲ್ಲಿಂದ ಮುಂದೆ ಬೆಟ್ಟ ಕಾಣುತ್ತಲೇ ಇರುತ್ತದೆ. ಆದರೆ ಬೆಟ್ಟ ಹತ್ತುವ ಮೊದಲು ಬುಡದ ನಂದಿ ಗ್ರಾಮಕ್ಕೆ, ಭೋಗನಂದೀಶ್ವರನ ಗುಡಿಗೆ ಹೋಗಬೇಕು.

ನಾನು ಬಾಡಿಗೆಗಿರುವ ಮನೆಯ ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ: "ಬೆಂಗ್ಳೂರಿನೋರು ಬೆಟ್ಟ ನೋಡ್ಕೊಂಡು ಹಂಗೇ ಓಡೋಗ್ತಾರೆ ಕಣಮ್ಮ, ಕೆಳಗಿರೋ ಶಿವನ್ನ ಮರ್ತು." ಆ ಗುಡಿಯ ಚರಿತ್ರೆ ಒಂಬತ್ತನೇ ಶತಮಾನದಷ್ಟು ಹಿಂದೆ ಹೋಗುತ್ತದೆ. ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಎಂದು ಒಬ್ಬರ ಮೇಲೊಬ್ಬರು ಕೈಯಾಡಿಸಿದ್ದಾರೆ. ಅಷ್ಟಾದರೂ ಗಲಿಬಿಲಿಯಿಲ್ಲ. ಅರುಣಾಚಲೇಶ್ವರ, ಭೋಗನಂದೀಶ್ವರ ಎಂದು ಜೋಡಿ ಗುಡಿ, ನಡುವೆ ಉಮಾಮಹೇಶ್ವರನ ಸಣ್ಣ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಎದುರು ನಿಂತರೆ ನೀನು ಅರ್ಧ ಗಂಟೆ ಕದಲುವುದಿಲ್ಲ. ಕಂಬಕ್ಕೆ ಕೈ ಆನಿಸಿದರೆ ಬೆಳಗಿನ ತಂಪು ಅಂಗೈಗೆ ಇಳಿಯುತ್ತದೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ತುದಿಯಲ್ಲಿರುವ ಯೋಗನಂದೀಶ್ವರ ಎಲ್ಲ ಬಿಟ್ಟು ಕುಳಿತವನು ಎಂದು ಇಲ್ಲಿಯವರ ನಂಬಿಕೆ. ಅದಕ್ಕೇ ಸಡಗರವೆಲ್ಲ ಕೆಳಗೆ, ಮೇಲಿನವನಿಗೆ ಉತ್ಸವವಿಲ್ಲ.

ಗುಡಿಯನ್ನು ಮೊದಲಿಗೆ ಇಟ್ಟಿದ್ದಕ್ಕೆ ಭಕ್ತಿಗಿಂತ ದೊಡ್ಡ ಕಾರಣ ಕಲ್ಲುಹಾಸು. ಬರಿಗಾಲಿನಲ್ಲಿ ನಡೆಯಬೇಕು, ಮಧ್ಯಾಹ್ನವಾದರೆ ಅಂಗಳ ಕಾವಲಿ. ಬೆಳಗ್ಗೆ 8.30ರ ಹೊತ್ತಿಗೆ ಹಾಯಾಗಿರುತ್ತದೆ. ಒಳಪ್ರಾಕಾರದ ಪಕ್ಕದ ದೊಡ್ಡ ಕಲ್ಯಾಣಿಯ ಸುತ್ತ ಕಂಬಸಾಲಿನ ಮೊಗಸಾಲೆ ಇದೆ. ಅಮ್ಮ ಅಲ್ಲಿ ನೆರಳಲ್ಲಿ ಕಾಲು ಚಾಚಿ ಕೂರಬಹುದು. ಮಕ್ಕಳು ಮೆಟ್ಟಿಲ ಲೆಕ್ಕ ಹಾಕಲಿ, ಇಳಿಯಲು ಮಾತ್ರ ಬಿಡಬಾರದು.

ಅಲ್ಲಿಂದ ಬೆಟ್ಟ. 1478 ಮೀಟರ್ ಎತ್ತರ, ತಿರುವು ತಿರುವಿನ ರಸ್ತೆ. ಚಿನ್ನುವಿಗೆ ಆಗುಂಬೆ ಘಾಟಿಯಲ್ಲಿ ವಾಂತಿಯಾಗುತ್ತದಲ್ಲ, ನಿಂಬೆಹಣ್ಣು ಕೈಯಲ್ಲಿರಲಿ. ವಾಹನ ನಿಲ್ಲಿಸಿದ ಮೇಲೂ ಸ್ವಲ್ಪ ಏರುದಾರಿ ನಡೆಯಬೇಕು. ಅಮ್ಮನಿಗೆ ಅವಸರ ಮಾಡದೆ ನಿಂತು ನಿಂತು ಕರೆದೊಯ್ದರೆ ಸಾಕು. ಅವಳಿಗೆಂದು ನಾನು ಗೊತ್ತು ಮಾಡಿರುವುದು ತೋಟದ ಕಡೆಯ ಕಲ್ಲುಬೆಂಚುಗಳು ಮತ್ತು ಅಮೃತ ಸರೋವರದ ದಂಡೆ. ಸುತ್ತಲೂ ಮೆಟ್ಟಿಲು ಕಟ್ಟಿದ ಕೊಳ ಅದು, ಹಿಂದೆ ಬೆಟ್ಟದ ಮೇಲಿನವರ ಬಾಯಾರಿಕೆ ತಣಿಸಿದ್ದು. ಕವಲೇದುರ್ಗದ ಕೊಳ ನೋಡಿ ಬೆಳೆದ ಅಮ್ಮನಿಗೆ ಯಾರೂ ವಿವರಿಸಬೇಕಾಗಿಲ್ಲ, ನೀರಿರುವ ತನಕವೇ ಕೋಟೆ.

ಅಪ್ಪಯ್ಯನಿಗೆ ಹೇಳು: ತಲಕಾಡಿನ ಗಂಗರು ತಮ್ಮನ್ನು ನಂದಗಿರಿನಾಥರೆಂದು ಕರೆದುಕೊಂಡದ್ದು ಈ ಬೆಟ್ಟದ ಹೆಸರಿನಿಂದಲೇ. ಮುಂದೆ ಚಿಕ್ಕಬಳ್ಳಾಪುರದ ಪಾಳೆಯಗಾರರ ಕೈಯಲ್ಲಿದ್ದು, ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಭದ್ರವಾದ ದುರ್ಗವಾಯಿತು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸನ ಸೈನ್ಯಕ್ಕೆ ಈ ಬೆಟ್ಟ ದಕ್ಕಿದ್ದು ಅದೇ ವರ್ಷ ಅಕ್ಟೋಬರ್ 19ರಂದು. ಅದಕ್ಕೆ ಮೊದಲು ವಾರಗಟ್ಟಲೆ ಮುತ್ತಿಗೆ ಹಾಕಿ, ಆನೆಗಳಿಂದ ಫಿರಂಗಿ ಎಳೆಸಿ, ಗೋಡೆ ಒಡೆಯಬೇಕಾಯಿತು. ಅಷ್ಟು ಜನ ಪ್ರಾಣ ಪಣಕ್ಕಿಟ್ಟು ಏರಿದಲ್ಲಿಗೆ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಗೆದ್ದವರೂ ಬಹುಬೇಗ ಬಂದೂಕು ಕೆಳಗಿಟ್ಟು ಇಲ್ಲಿನ ತಂಪಿಗೆ ಸೋತರು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಇಲ್ಲಿ ಬಂಗಲೆ ಮಾಡಿಕೊಂಡ. 1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ಇಲ್ಲಿ ವಿಶ್ರಾಂತಿಗೆ ಬಂದಿದ್ದರು, 1936ರಲ್ಲಿ ಮತ್ತೊಮ್ಮೆ ಬಂದರು. 1986ರಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ನಾಯಕರನ್ನೂ ಈ ಬೆಟ್ಟಕ್ಕೇ ಕರೆತಂದರು. ಟಿಪ್ಪುವಿನ ಬೇಸಿಗೆ ಮನೆಯೂ ಇಲ್ಲೇ ಇದೆ. ಅರಮನೆ ಎಂದು ದೊಡ್ಡದನ್ನು ಕಲ್ಪಿಸಿಕೊಂಡು ಬಂದರೆ ನಿರಾಸೆಯಾದೀತು, ಅಷ್ಟೇನೂ ಆಡಂಬರದ್ದಲ್ಲ.

ಮೇಲೆ ಹೋದ ಮೇಲೆ ಎಲ್ಲರೂ ಒಟ್ಟಿಗೇ ತಿರುಗಬೇಕೆಂಬ ಹಟ ಬೇಡ. ಭಾವ ಮತ್ತು ಪುಟ್ಟ ಕೋಟೆಗೋಡೆಯ ಅಂಚು ಹಿಡಿದು ಸುತ್ತಿ ಬರಲಿ. ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯ ಕಡೆಯಿಂದ ಕೈದಿಗಳನ್ನು ತಳ್ಳುತ್ತಿದ್ದರೆಂದು ಹೇಳುವವರು ಸಿಗುತ್ತಾರೆ. ಕಥೆ ಕೇಳಿದರೂ ಪುಟ್ಟನ ಕೈ ಬಿಡಬಾರದು. ಅಪ್ಪಯ್ಯ ಯೋಗನಂದೀಶ್ವರನ ಗುಡಿಯ ಕಡೆ. ನೀನು, ನಾನು, ಅಮ್ಮ, ಚಿನ್ನು ತೋಟದಲ್ಲಿ. ಹಳೆಯ ಮರಗಳ ನೆರಳು, ಹೂವಿನ ಪಾತಿ, ಕಾಲುದಾರಿ. ಹಕ್ಕಿ ನೋಡುವವರು ಈ ಬೆಟ್ಟಕ್ಕೆ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಘಟ್ಟದ ಕಾಡಿನ ನೀಲಗಿರಿ ಪಾರಿವಾಳವೂ ಇಷ್ಟು ದೂರದ ಬಯಲುಸೀಮೆಯಲ್ಲಿ ಈ ಒಂದು ಬೆಟ್ಟದ ಮರಗಳಲ್ಲಿ ನೆಲೆಸಿದೆ. ಊರಿನವರು ಸಿಕ್ಕಂತಾಯಿತೆಂದು ಅಮ್ಮನಿಗೆ ತೋರಿಸಬೇಕು. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುವುದೂ ಈ ಬೆಟ್ಟದ ಆಸುಪಾಸಿನಲ್ಲೇ. ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆ ಹಾದು, ಹೆಸರಘಟ್ಟ ಸೇರಿ, ಮುಂದೆ ಕಾವೇರಿಗೆ. ತುಂಗೆಯ ದಡದ ಮಕ್ಕಳಿಗೆ ಹೊಳೆ ಎಂದರೆ ವರ್ಷವಿಡೀ ಹರಿಯುವುದು. ಹೆಸರು ಮಾತ್ರ ಉಳಿದು ನೀರು ಕಾಣದ ಹೊಳೆಯೂ ಇರುತ್ತದೆಂದು ಅವರು ಒಮ್ಮೆ ನೋಡಲಿ.

ಊಟ ಬೆಟ್ಟದ ಮೇಲೆ ಬೇಡ. ಕೋತಿಗಳಿಗೆ ಚೀಲದ ಜಿಪ್ಪು ತೆಗೆಯಲು ಬರುತ್ತದೆ. ಒಂದು ಗಂಟೆಗೆ ಇಳಿದು, ಬುಡದ ಬಯಲಿನಲ್ಲಿ ಮರದ ನೆರಳು ನೋಡಿ ಬುತ್ತಿ ಬಿಚ್ಚೋಣ. ಪುಳಿಯೋಗರೆ, ಮೊಸರನ್ನ ನಾನು ಕಲಸುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮರೆತು ಬಂದರೆ ಮನೆಯೊಳಗೆ ಸೇರಿಸುವುದಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಬೆಟ್ಟದ ಮೇಲೆ ಅವಕಾಶವಿಲ್ಲ, ಸ್ಟೀಲಿನದು ತನ್ನಿ. ಗಾಳಿ ಜೋರು. ಅಮ್ಮನಿಗೆ ಶಾಲು, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ.

ಸಂಜೆಗೆ ದೇವನಹಳ್ಳಿ. ಮಕ್ಕಳು ವ್ಯಾನಿನಲ್ಲಿ ನಿದ್ದೆ ತೆಗೆದು ಏಳುವ ಹೊತ್ತಿಗೆ ತಲೆಯ ಮೇಲೆ ವಿಮಾನ ಇಳಿಯುತ್ತಿರುತ್ತದೆ. ಪುಟ್ಟನ ಮಟ್ಟಿಗೆ ಆ ದಿನದ ಸಾರ್ಥಕತೆ ಅಷ್ಟೇ ಇರಬಹುದು. ದೇವನಹಳ್ಳಿ ಕೋಟೆ ನೆಲಮಟ್ಟದ್ದು, ಅಮ್ಮನ ಮಂಡಿಗೆ ಹೇಳಿ ಮಾಡಿಸಿದ್ದು. 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾಯಿತು. ಹೈದರ್ ಸೈನಿಕನಾಗಿ ಮೊದಲು ಹೆಸರು ಮಾಡಿದ್ದು 1749ರಲ್ಲಿ ಮೈಸೂರಿನವರು ಇದಕ್ಕೆ ಮುತ್ತಿಗೆ ಹಾಕಿದಾಗ. ಅವನ ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ, ಆ ಜಾಗದಲ್ಲಿ ಕಲ್ಲುಕಂಬದ ಸಣ್ಣ ಮಂಟಪವಿದೆ. ನಂದಿಯ ಮೇಲೆ ಬರುವವರೆಲ್ಲ ಸಂಜೆಗೆ ಇಳಿದುಹೋಗುತ್ತಾರೆ. ಇಲ್ಲಿ ಕೋಟೆಯ ಒಳಗೇ ಜನ ಮನೆ ಮಾಡಿಕೊಂಡಿದ್ದಾರೆ. ಅಂಗಳಕ್ಕೆ ನೀರು ಹಾಕುತ್ತಾರೆ, ಬಟ್ಟೆ ಒಣಗಿಸುತ್ತಾರೆ, ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಗಂಟೆ ಹೊಡೆಯುತ್ತದೆ. ಬಾಗಿಲ ಹೊರಗೆ ಚಕ್ಕೋತ ಸಿಕ್ಕರೆ ಕೊಂಡುಕೊಳ್ಳೋಣ. ದೇವನಹಳ್ಳಿ ಚಕ್ಕೋತ ಊರ ಹೆಸರಿನಿಂದಲೇ ಪ್ರಸಿದ್ಧ. ಅಲ್ಲಿಂದ ದೊಡ್ಡಬಳ್ಳಾಪುರ ಸುಮಾರು 20 ಕಿ.ಮೀ., ಆಮೇಲೆ ನಮ್ಮ ಸಾಸಲು. ರಾತ್ರಿಗೆ ಮನೆಯ ಅಜ್ಜಿ ಹಿತಕಿದಬೇಳೆ ಸಾರು, ಮುದ್ದೆ ಮಾಡಿಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಅವರೆಕಾಯಿಯ ಕಾಲ ಮುಗಿಯುವ ಮೊದಲೇ ಬನ್ನಿ. ಮುದ್ದೆ ನುಂಗಲು ಬಾರದ ಭಾವನನ್ನು ನೋಡಿ ನಗುವ ಅವಕಾಶ ಅಜ್ಜಿಗೂ ಬೇಕು.

ಮಕ್ಕಳು ದಣಿದರೆ ದೇವನಹಳ್ಳಿ ಬಿಟ್ಟುಬಿಡೋಣ. ಮೋಡ ಕವಿದರೆ ಬೆಟ್ಟವನ್ನೇ ಬಿಟ್ಟು ಗುಡಿ, ಬಯಲುಕೋಟೆ ಎರಡರಲ್ಲೇ ದಿನ ಕಳೆಯೋಣ. ನಮ್ಮಲ್ಲಿ ಯಾರೂ ದುರ್ಗ ಗೆಲ್ಲಬೇಕಾಗಿಲ್ಲ.

ನೀನೀಗ ಎರಡು ಕೆಲಸ ಮಾಡು. ಭಾವನ ರಜೆ ಯಾವ ವಾರ ಎಂದು ತಿಳಿಸು, ವ್ಯಾನಿನವರಿಗೆ ಮುಂಗಡ ಕೊಡಬೇಕು. ಎರಡನೆಯದು, ಮಂಡಿ ಹೇಗಿದೆ ಎಂದು ಅಮ್ಮನನ್ನೇ ಕೇಳು, ಅಪ್ಪಯ್ಯನನ್ನು ಕೇಳಬೇಡ. ಅವರು ನಲವತ್ತು ವರ್ಷದಿಂದ "ಅವಳಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾಳೆ" ಎಂದೇ ಹೇಳುತ್ತಿದ್ದಾರೆ.

ಎಲ್ಲರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ತಂಗಿ